ಆಂಜಿನಮ್ಮ ಯಾಕೆ ಬರುತ್ತಾಳೆ?

ಗೌರಿಬಿದನೂರು
೨ ಜೂನ್ ೨೦೨೫

ಪ್ರೀತಿಯ ತಂಗಿ ಪವಿತ್ರಾ,

ಚಿಂತಾಮಣಿಯಲ್ಲಿ ನೀವೆಲ್ಲ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ನಿನ್ನ ಫೋನಿಗೆಲ್ಲ ಹೂಂ, ಊಹೂಂ ಅಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡ ಕಣೇ. ಸ್ಪೀಕರ್ ಹಾಕದೆ ನನಗೆ ಕೇಳಿಸುವುದಿಲ್ಲ. ನೀನು ಫೋನ್ ಮಾಡುವ ಹೊತ್ತಿಗೆ ಸರಿಯಾಗಿ ಆಂಜಿನಮ್ಮ ನನ್ನ ಕಾಲಬುಡದಲ್ಲಿ ಕೂತಿರುತ್ತಿದ್ದಳು. ಅವಳ ಮಾತನ್ನು ಅವಳೆದುರಿಗೇ ಹೇಗೆ ಆಡಲಿ? ಅದಕ್ಕೇ ಈ ಕಾಗದ.

ಶುಗರ್‌ನಿಂದ ಹಿಮ್ಮಡಿ ಹುಣ್ಣಾಗಿದ್ದು ನಿನಗೆ ಗೊತ್ತು. ಮೂವತ್ತು ವರ್ಷ ನರ್ಸಾಗಿ ಊರವರ ಗಾಯ ಕಟ್ಟಿದವಳಿಗೆ ತನ್ನ ಹಿಮ್ಮಡಿಯೇ ಕೈಗೆ ಎಟುಕಲಿಲ್ಲ. ವಾಸನೆ ಬೇರೆ. ಹೀಗಿರುವಾಗ ಒಂದು ದಿನ ಮೂರು ಗಂಟೆಗೆ ಆಂಜಿನಮ್ಮ ಬಂದಳು. ಹಿಂದೆ ನಮ್ಮ ಚರ್ಚು ಗುಡಿಸುತ್ತಿದ್ದ ಹೆಂಗಸಿನ ಮಗಳು. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ, ಶಿಫ್ಟ್ ಮುಗಿಸಿ ನೇರ ಬಂದಿದ್ದಳು. "ಕಾಲ್ ಕೊಡಿ ಅಕ್ಕ, ನಾನ್ ಕಟ್ತೀನಿ" ಅಂದಳು. ಕರೆದವರು ಯಾರು? ಯಾರೂ ಇಲ್ಲ. ಅವತ್ತಿನಿಂದ ನಲವತ್ತು ದಿನ, ಒಂದು ದಿನವೂ ತಪ್ಪಿಸಲಿಲ್ಲ.

ಯಾಕೆ ಬರುತ್ತಾಳೆ? ನನಗೆ ಇದೊಂದೇ ಯೋಚನೆ. ಒಂದು ಸಲ ಬೇಕೆಂದೇ ಚಿನ್ನದ ಬಳೆ ಬಿಚ್ಚಿ ಸೋಪಿನ ಡಬ್ಬಿಯಲ್ಲಿಟ್ಟು, ನಿದ್ದೆ ಬಂದವಳಂತೆ ಮಲಗಿದೆ. ಅವಳು ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಗೇ ಹಾಕಿದಳು. "ಕೈ ಬೋಳಾಗಿ ಕಾಣ್ತೈತೆ ಅಕ್ಕ" ಅಂದಳು. ನಾಚಿಕೆಯಾಗುವುದರ ಬದಲು ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು. ಪಕ್ಕದ ಮನೆಯ ವಜೀರುನ್ನೀಸಾಗೆ ಹೇಳಿದರೆ ಅವಳು ನಕ್ಕಳು. "ನಿಮ್ದು ಹುಣ್ಣು ಕಾಲಲ್ಲಿ ಇಲ್ಲ ಅಕ್ಕ, ತಲೇಲಿ ಐತೆ. ಸುಮ್ನೆ ಕಟ್ಟಿಸ್ಕೊಳ್ಳಿ."

ಆಮೇಲೆ ನನಗೆ ಹೊಳೆಯಿತು. ಸಾಕ್ಷಿ! ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ದೇವರು ಮಾಡಿದ ಉಪಕಾರ ಹೇಳುತ್ತಾರಲ್ಲ, ಅದಕ್ಕೇ ಕಾಯುತ್ತಿದ್ದಾಳೆ. ಶ್ಯಾಮಲಮ್ಮನ ಕೊಳೆತ ಕಾಲನ್ನು ನಾನು ತೊಳೆದೆ ಎಂದು ಸಭೆಯೆದುರು ಹೇಳುತ್ತಾಳೆ. ಅಷ್ಟೇ ಹೇಳಿದರೆ ಸೈ, ಇನ್ನೇನೇನು ಹೇಳುತ್ತಾಳೋ ಎಂದು ಊಟವೇ ಸೇರಲಿಲ್ಲ.

ಹುಣ್ಣು ವಾಸಿಯಾಯಿತು. ನಿನ್ನೆ ಭಾನುವಾರ ಅವಳ ಭುಜ ಹಿಡಿದೇ ಚರ್ಚಿಗೆ ಹೋದೆ. ಪಾಸ್ಟರ್ ಅಯ್ಯನವರು ಸಾಕ್ಷಿಗೆ ಕರೆದರು. ಆಂಜಿನಮ್ಮ ಎದ್ದಳು. ನಾನು ತಲೆ ತಗ್ಗಿಸಿದೆ. "ಶ್ಯಾಮಲಮ್ಮಕ್ಕ ಮತ್ತೆ ನಡೀತಾವ್ರೆ, ದೇವರಿಗೆ ಸ್ತೋತ್ರ" ಅಂದಳು, ಕೂತಳು. ತೊಳೆದವರು ಯಾರು, ಕಟ್ಟಿದವರು ಯಾರು, ಒಂದು ಮಾತೂ ಇಲ್ಲ.

ನಿನ್ನ ಮಂಡಿ ನೋವು ಹೇಗಿದೆ? ಕರ್ತನು ನಿನ್ನನ್ನೂ ಮನೆಯವರನ್ನೂ ಕಾಯಲಿ. ಮಕ್ಕಳಿಗೆ ನನ್ನ ಮುತ್ತುಗಳು.

ನಿನ್ನ ಅಕ್ಕ,
ಶ್ಯಾಮಲ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಮದುವೆಯ ವರ್ಷ, ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ಪ್ರಭುಭೋಜನದ ಸಾಲಿನಲ್ಲಿ ಆಂಜಿನಮ್ಮನ ತಾಯಿ ನನಗಿಂತ ಮುಂದಿದ್ದಳು. ಅವಳು ಬಾಯಿಟ್ಟ ಪಾತ್ರೆಗೆ ನಾನು ಬಾಯಿಡಲಾರದೆ, ತಲೆ ಸುತ್ತುತ್ತಿದೆ ಎಂದು ಎದ್ದುಬಂದೆ. ನನ್ನ ಹಿಂದೆ ನೀನೂ ಎದ್ದುಬಂದೆ. ಅಂದಿನಿಂದ ಸಾಯುವವರೆಗೂ ಆಕೆ ಎಲ್ಲರ ಕೊನೆಗೆ ನಿಂತಳು. ಕೊರೊನಾ ಬಂದು ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ ಕೊಟ್ಟಾಗ ಒಳಗೊಳಗೇ ನೆಮ್ಮದಿಪಟ್ಟವಳು ನಾನು. ಈಗ ಮತ್ತೆ ಒಂದೇ ಪಾತ್ರೆ.

ನಿನ್ನೆ ಸಾಕ್ಷಿ ಮುಗಿದ ಮೇಲೆ ಆಂಜಿನಮ್ಮ ನನ್ನನ್ನು ಪ್ರಭುಭೋಜನ ಕೊಡುವ ಮೆಟ್ಟಿಲವರೆಗೆ ನಡೆಸಿ, ಭುಜ ಬಿಡಿಸಿಕೊಂಡು ಹಿಂದೆ ಸರಿದಳು. "ನೀವ್ ಮುಂದೆ ಹೋಗಿ ಅಕ್ಕ. ನಾನ್ ಕಡೇಲಿ ತಗೊಳ್ತೀನಿ. ನಿಮಗಾಗಲ್ಲ ಅಂತ ನಮ್ಮಮ್ಮ ಹೇಳಿದ್ಳು." ಮೊದಲ ದಿನದಿಂದಲೂ ಅವಳಿಗೆ ಗೊತ್ತಿತ್ತು ಕಣೇ. ಗೊತ್ತಿದ್ದೇ ನನ್ನ ಕಾಲು ತೊಳೆದಳು. ನಾನು ಏನು ಮಾಡಿದೆ ಗೊತ್ತೇ? ಮುಂದೆ ಹೋಗಿ ಕುಡಿದೆ.

ಜುಲೈ ಮೊದಲ ಭಾನುವಾರ ತಪ್ಪದೆ ಬಾ. ನಾನು ಅವಳ ಹಿಂದೆ ನಿಲ್ಲಬೇಕು. ನಾನು ಮತ್ತೆ ಎದ್ದುಹೋಗದಂತೆ ನೀನು ನನ್ನ ಹಿಂದೆ ನಿಂತು ದಾರಿ ಕಟ್ಟು. ಈಗ ನನಗೆ ಅನುಮಾನ ಇರುವುದು ನನ್ನೊಬ್ಬಳ ಮೇಲೆಯೇ.