ಮೊಮ್ಮಗನ ಬೆನ್ನ ಮೇಲೆ ಒಂದು ಸೇರು ಮೋಚಿ

ಅಜಿಮು, ತೊಕಿಯೆಯವರ ತೋಟದ ಮನೆ
18 ಅಕ್ಟೋಬರ್ 1998, ಭಾನುವಾರ

ಪ್ರೀತಿಯ ಯಸುನೋರಿ,

ಹೇಗಿದ್ದೀ? ಎಂಜಿನ್ ಕೋಣೆಯ ಕಾವಿಗೆ ಕತ್ತಿನ ಬೆವರುಸಾಲೆ ಮತ್ತೆ ಎದ್ದಿದೆಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ನನ್ನ ಮಂಡಿ ಹೇಗಿದೆ ಎಂದು ನೀನು ಎಂದೂ ಕೇಳಿದವನಲ್ಲ, ನಾನೇ ಹೇಳುತ್ತೇನೆ: ರೇಡಿಯೋಗಿಂತ ಮೊದಲು ಅದಕ್ಕೆ ಮಳೆ ಗೊತ್ತಾಗುತ್ತದೆ. ನನ್ನ ಅಕ್ಷರ ನೋಡಿ ನಗಬೇಡ. ನಾನು ಹಳ್ಳಿ ಶಾಲೆಗೆ ಹೋಗುತ್ತಿದ್ದಾಗ ಯುದ್ಧ ಬಂತು, ಸೀಸದಕಡ್ಡಿಗಿಂತ ಬಿದಿರಿನ ಭರ್ಜಿ ಹಿಡಿದದ್ದೇ ಹೆಚ್ಚು. ಲಕೋಟೆಯ ಮೇಲಿನ ಪರದೇಶದ ಅಕ್ಷರವನ್ನು ಎಂದಿನಂತೆ ನಿನ್ನ ಹೆಂಡತಿ ಚಿಸಾತೊ ಬರೆಯುತ್ತಾಳೆ. ನಾನು ಅಂಟು ಹಚ್ಚಿ, ಒತ್ತಿ, ಒಣಗಿದ ಮೇಲೆಯೇ ಅವಳ ಕೈಗೆ ಕೊಡುವುದು ನಿನಗೆ ಗೊತ್ತಲ್ಲ.

ಮಗ ಶುಹೇಯ್‌ನ ಮೊದಲ ಹುಟ್ಟುಹಬ್ಬಕ್ಕೆಂದು ನೀನು ಗೊತ್ತುಮಾಡಿದ್ದ ರಜೆ ಇದು. ನಿನ್ನ ಹಡಗು ನಿನ್ನನ್ನು ಬಿಡಲಿಲ್ಲ, ನಿನ್ನ ಜಾಗದಲ್ಲಿ ನಾನು ಬಂದೆ. ಮೋಜಿಯ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಹಜಾರಕ್ಕೆ ಹೋಗುವಾಗಲೂ ಒಬ್ಬರಿಗೊಬ್ಬರು ದಾರಿ ಬಿಟ್ಟು ನಡೆಯುವ ಇಬ್ಬರು ಹೆಂಗಸರು, ನಾಲ್ಕು ದಿನ ಒಂದೇ ಕೋಣೆಯಲ್ಲಿ, ನಡುವೆ ಒಂದು ಮಗು. ಇನ್ನೊಂದು ಮಾತು. ನೀನು ನನ್ನಿಂದ ಮುಚ್ಚಿಟ್ಟಿದ್ದೀ, ಆದರೆ ನನಗೆ ಗೊತ್ತು. ಬಟ್ಟೆ ಒಗೆಯುವ ಮುಂಚೆ ಅವಳ ಏಪ್ರನ್ನಿನ ಜೇಬು ನೋಡಿದೆ. ಇವಾತೆಯಲ್ಲಿ, ಅವಳ ತವರಿನ ಪಕ್ಕದ ಶಿಶುವಿಹಾರದಲ್ಲಿ, ಏಪ್ರಿಲ್‌ನಿಂದ ಕೆಲಸಕ್ಕೆ ಅರ್ಜಿ. ಮಗುವಿಗೂ ಅಲ್ಲೇ ಜಾಗ ಕೇಳಿದ್ದಾಳೆ. ಅರ್ಜಿ ತುಂಬಿದೆ, ಇನ್ನೂ ಕಳಿಸಿಲ್ಲ. ಹೋದರೆ ದೇಶದ ಆ ತುದಿಗೆ ಹೋದಂತೆ. ಶುಹೇಯ್ ನನ್ನ ಮುಖ ಮರೆಯಲು ಒಂದು ಚಳಿಗಾಲ ಸಾಕು. ನಾನು ಅರ್ಜಿಯನ್ನು ಇದ್ದ ಹಾಗೇ ಮಡಚಿ ಇಟ್ಟೆ. ಯಾಕೆ ಹೋಗುತ್ತಾಳೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ನನ್ನ ನಾಲಗೆಯ ಜೊತೆ ಅರವತ್ತೇಳು ವರ್ಷ ಬಾಳಿದವಳು ನಾನೇ.

ಇಲ್ಲಿ ಭತ್ತ ಕೊಯ್ದು ಗಳಕ್ಕೆ ನೇತುಹಾಕಿದ್ದಾರೆ. ದ್ರಾಕ್ಷಿ ಮುಗಿಯುತ್ತಾ ಬಂದಿದೆ. ನಾನು ಯಾವ ಕೆಲಸ ಬೇಡವೆಂದು ಹದಿನೆಂಟಕ್ಕೇ ಪೇಟೆಯವನನ್ನು ಕಟ್ಟಿಕೊಂಡು ಓಡಿಬಂದೆನೋ, ಅದನ್ನೇ ಮಾಡಲು ಈಗ ಜನ ರಜೆ ಹಾಕಿ, ದುಡ್ಡು ಕೊಟ್ಟು ಇಲ್ಲಿಗೆ ಬರುತ್ತಾರೆ. ಮನೆಯೊಡತಿ ತೊಕಿಯೆಗೆ ಹಾಗೆಂದೆ. ಅವಳು ಮೂಲಂಗಿ ತೊಳೆಯುತ್ತಾ, "ಹಂಗಾದ್ರೆ ನೀವು ಕೂತ್ಕೊಳ್ಳಿ ಅಕ್ಕ, ನಿಮ್ಮ ಪಾಲಿನ ಕಳೆಯನ್ನ ಸೊಸೆ ಕೀಳ್ತಾಳೆ" ಎಂದಳು. ನನ್ನ ಅಳತೆಯ ಬಾಯಿ ಅವಳದು, ಬಂದ ದಿನವೇ ಹೊಂದಿಕೆಯಾಯಿತು. ಮೋಜಿಯಲ್ಲಿ ಮಗು ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಗುಟುಕು ಕುಡಿಯಿತು ಎಂದು ಪುಸ್ತಕದಲ್ಲಿ ಬರೆದಿಡುವ ಚಿಸಾತೊ ಇಲ್ಲಿ ಆ ಪುಸ್ತಕ ತೆರೆಯಲೇ ಇಲ್ಲ. ಮೊನ್ನೆ ಶುಹೇಯ್ ಮೂಲಂಗಿ ಮಡಿಯಲ್ಲಿ ಕೂತು ಒಂದು ಹಿಡಿ ಮಣ್ಣು ಬಾಯಿಗೆ ಹಾಕಿಕೊಂಡ. ಕಿರುಚಿದವಳು ನಾನು. ಅವಳು ನಿಧಾನವಾಗಿ ಬಂದು ಬೆರಳು ಹಾಕಿ ಮಣ್ಣು ತೆಗೆದು, "ನಾನೂ ತಿಂದೇ ಬೆಳೆದಿದ್ದು ಅತ್ತೆ" ಎಂದಳು. ಅವಳು ರೈತರ ಮನೆಯ ಹುಡುಗಿ ಎಂಬುದು ಮೂರು ವರ್ಷದಲ್ಲಿ ನನಗೆ ಅಂದೇ ನೆನಪಾದದ್ದು. ಬಗ್ಗಿ ಕಳೆ ಕೀಳುವಾಗ ಅವಳು ಏನೋ ಗುನುಗುತ್ತಾಳೆ. ಮೋಜಿಯಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಜಗಳವಾದದ್ದು ಮೋಚಿಯ ವಿಷಯಕ್ಕೆ. ನಮ್ಮಲ್ಲಿ ವರ್ಷ ತುಂಬಿದ ಮಗುವಿಗೆ ಹುಲ್ಲಿನ ಚಪ್ಪಲಿ ತೊಡಿಸಿ ಮೋಚಿಯ ಮುದ್ದೆಯ ಮೇಲೆ ನಿಲ್ಲಿಸಿ ತುಳಿಸುತ್ತೇವೆ, ಕಾಲು ಗಟ್ಟಿಯಾಗಿ ದೂರ ದೂರ ನಡೆಯಲಿ ಎಂದು. ಅವಳ ಕಡೆ ಬೇರೆಯೇ. ಒಂದು ಸೇರು ಅಂಟಕ್ಕಿ ಬೇಯಿಸಿ ಕುಟ್ಟಿ ಮಾಡಿದ, ಎರಡು ಕಿಲೋ ತೂಗುವ ಮೋಚಿಯನ್ನು ಬಟ್ಟೆಯಲ್ಲಿ ಕಟ್ಟಿ ಮಗುವಿನ ಬೆನ್ನಿಗೆ ಹೊರಿಸುತ್ತಾರೆ. ವರ್ಷದೊಳಗೇ ನಡೆದ ಮಗುವಾದರೆ ಅದನ್ನು ಬೇಕೆಂದೇ ಬೀಳಿಸುತ್ತಾರೆ, ಇಷ್ಟು ಬೇಗ ನಡೆಯುವವನು ಮನೆ ಬಿಟ್ಟು ದೂರ ಹೋಗಿಬಿಡುತ್ತಾನೆ ಎಂದು. ಶುಹೇಯ್ ಹತ್ತೂವರೆ ತಿಂಗಳಿಗೇ ನಡೆದವನು. "ಮಗುವೋ ಕತ್ತೆಯೋ, ಎರಡು ಕಿಲೋ ಹೊರಿಸಿ ನೂಕೋದಕ್ಕೆ? ನಿಮ್ಮ ಕಡೆ ಹಿಮ ಬಿದ್ದು ಬಿದ್ದು ಬುದ್ಧೀನೂ ಹೆಪ್ಪುಗಟ್ಟಿದೆ" ಎಂದೆ. ಮೂರು ವರ್ಷದಲ್ಲಿ ಅವಳು ಎದುರು ಮಾತಾಡಿದ್ದು ಅದೇ ಮೊದಲು. "ತಿನ್ನೋ ಅನ್ನದ ಮೇಲೆ ಮಗೂನ ನಿಲ್ಲಿಸೋರು ನಮಗೆ ಬುದ್ಧಿ ಹೇಳ್ತೀರಾ ಅತ್ತೆ?" ಎಂದಳು. ಒಲೆಯ ಮುಂದೆ ಕೂತಿದ್ದ ತೊಕಿಯೆಯ ಗಂಡ ತಲೆಯೆತ್ತದೆ, "ಎರಡು ಕುಟ್ಟಿಬಿಡ್ತೀನಿ ಬಿಡಿ. ಕುಟ್ಟೋನಿಗೆ ಇಲ್ಲದ ತಕರಾರು ನಿಮಗ್ಯಾಕೆ?" ಎಂದ.

ಹಾಗೆ ನಿನ್ನೆ ಬೆಳಿಗ್ಗೆ ಎರಡು ಮೋಚಿ ಆದವು. ಆ ಮುದುಕ ಒರಳಿಗೆ ಮರದ ಸುತ್ತಿಗೆ ಎತ್ತಿ ಹಾಕುವುದು, ಎರಡು ಪೆಟ್ಟಿನ ನಡುವೆ ಚಿಸಾತೊ ಒದ್ದೆ ಕೈಯಲ್ಲಿ ಅಂಟನ್ನು ಮಗುಚುವುದು. ಅವಳ ಕೈ ಒಮ್ಮೆಯೂ ತಪ್ಪಲಿಲ್ಲ. ಮೊದಲು ನನ್ನ ಪದ್ಧತಿ. ಚಪ್ಪಲಿ ತೊಡಿಸಿ ನಿಲ್ಲಿಸಿದರೆ ನಿನ್ನ ಮಗ ಬೆಚ್ಚಗಿನ ಮೋಚಿಯ ಮೇಲೆ ಕುಣಿದು, ಆಮೇಲೆ ಬಗ್ಗಿ ಅದನ್ನು ನೆಕ್ಕಿದ. ನಂತರ ಅವಳ ಪದ್ಧತಿ. ಬೆನ್ನಿಗೆ ಗಂಟು ಕಟ್ಟಿದಾಗ ಒಂದು ಕ್ಷಣ ನಮ್ಮ ಮುಖಗಳನ್ನೆಲ್ಲ ನೋಡಿದ, ಇದು ಯಾರ ಕೆಲಸ ಎನ್ನುವಂತೆ. ಅಳಲಿಲ್ಲ. ಎದುರು ತುದಿಯಲ್ಲಿ ಕೈಚಾಚಿ ಕೂತಿದ್ದ ತಾಯಿಯ ಕಡೆಗೆ ನಾಲ್ಕು ಹೆಜ್ಜೆ ನಡೆದು ದೊಪ್ಪನೆ ಕೂತುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ತೊಕಿಯೆಯ ಗಂಡ ತೆಗೆದ ಫೋಟೋ ಬಂದ ಮೇಲೆ ಕಳಿಸುತ್ತೇನೆ.

ನಿನಗೂ ವರ್ಷ ತುಂಬಿದಾಗ ಮೋಚಿ ತುಳಿಸಿದ್ದೆ. ನೀನು ಅದರಿಂದ ಇಳಿಯುವುದಿಲ್ಲ ಎಂದು ಹಟ ಹಿಡಿದಿದ್ದೆ. ದೂರ ಹೋಗು ಮಗನೇ ಎಂದು ಹರಸಿದವಳು ನಾನೇ, ಇಷ್ಟು ದೂರ ಎಂದು ಹೇಳಿರಲಿಲ್ಲ. ನಿನ್ನನ್ನು ದೂರುತ್ತಿಲ್ಲ. ಮೋಜಿಯ ಮನೆಯಲ್ಲಿ ನೀನು ವರ್ಷಕ್ಕೆ ಇರುವುದು ಎರಡು ತಿಂಗಳು. ಉಳಿದ ಹತ್ತು ತಿಂಗಳು ಅವಳು ಇರುವುದು ನನ್ನ ಜೊತೆ. ಮದುವೆಯಾದದ್ದು ನಿನ್ನನ್ನು, ಬಾಳುತ್ತಿರುವುದು ನನ್ನೊಡನೆ. ಇಲ್ಲಿ ಸೌದೆ ಉರಿಸುವ, ಒಳಗಿಳಿದು ಕೂರುವ ಸ್ನಾನದ ಹಂಡೆ ಇದೆ. ಸಂಜೆ ನಾನು ಮಗುವಿನ ಜೊತೆ ಇಳಿಯುತ್ತೇನೆ, ಸ್ನಾನ ಮುಗಿದ ಮೇಲೆ ಕೂಗುತ್ತೇನೆ, ಅವಳು ಟವೆಲ್ ಹರಡಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಕೈಯಿಂದ ಕೈಗೆ, ಜಾರುವ ಮೀನಿನಂಥ ಮಗು. ಮೋಜಿಯಲ್ಲೂ ದಿನವೂ ಹೀಗೇ ಮಾಡಬಹುದಿತ್ತು. ನೀನು ನೀರು ಹೆಚ್ಚು ಕಾಯಿಸುತ್ತೀ ಎಂದು ನಾನೇ ಅವಳಿಗೆ ಅಂದು, ಅವಳು ಒಬ್ಬಳೇ ಸ್ನಾನ ಮಾಡಿಸುವಂತೆ ಮಾಡಿಬಿಟ್ಟಿದ್ದೆ.

ಕಾಗದ ಮುಗಿಯುತ್ತಾ ಬಂತು. ಚಳಿಗೆ ಹೊಟ್ಟೆಯ ಪಟ್ಟಿ ಕಟ್ಟಿಕೋ. ಸಮುದ್ರ ನಿನ್ನ ಮೇಲೆ ಸಿಟ್ಟಾಗದಿರಲಿ, ಕಾಲಿಟ್ಟ ಬಂದರಿನಲ್ಲೆಲ್ಲ ನಿನಗೆ ಬಿಸಿ ಅನ್ನ ಸಿಗಲಿ. ತೊಕಿಯೆ ದಂಪತಿ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಮ್ಮ,
ಮತ್ಸುಯೊ

ಮರೆತದ್ದು: ಮಗು ತಾನಾಗಿ ಕೂರಲಿಲ್ಲ. ಗಂಟು ಸರಿಮಾಡುವ ನೆಪದಲ್ಲಿ ನಾನು ಅವನ ಹಿಂದೆಯೇ ಹೋದೆ. ಒಂದು ಬೆರಳಿನಿಂದ ನೂಕಿದವಳು ನಾನು. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಸಂಜೆ ಬಾಗಿಲಲ್ಲಿ ಮಗುವನ್ನು ಟವೆಲಿಗೆ ತೆಗೆದುಕೊಳ್ಳುತ್ತಾ ಚಿಸಾತೊ, "ಒಂದು ಬೆರಳು ಸಾಲದು ಅತ್ತೆ. ನಮ್ಮನೇಲಿ ಕೈಯಿಟ್ಟು ಬೀಳಿಸಿ, ಇಲ್ಲೇ ಇರು ಅಂತ ಬಾಯಿಬಿಟ್ಟು ಹೇಳ್ತಾರೆ. ಹೇಳದಿದ್ರೆ ಬೀಳಿಸಿದ್ದು ಲೆಕ್ಕಕ್ಕಿಲ್ಲ" ಎಂದಳು. ನಗುತ್ತಿರಲಿಲ್ಲ, ಕೋಪವೂ ಇರಲಿಲ್ಲ. ಸುಮ್ಮನೆ ಕಾಯುತ್ತಾ ನಿಂತಿದ್ದಳು. ಟವೆಲ್ ಮಗುವಿನ ಕಿವಿಗೆ ಸರಿಯಾಗಿ ಸುತ್ತಿಲ್ಲ ಎಂದೆ. ಈಗ ಬರೆದು ನೋಡುತ್ತಿದ್ದೇನೆ: ಇಲ್ಲೇ ಇರು. ಬಾಯಿಗೆ ಬಾರದ್ದು ಬರೆಯಲು ಬರುತ್ತದೆ. ಅವಳು ಇರಲಾರೆ ಎಂದರೆ ಇವಾತೆಗೆ ಹೋಗಲಿ, ಆಗ ನೀನು ಹಡಗಿನಿಂದ ಇಳಿದವನೇ ಮೊದಲು ಅಲ್ಲಿಗೆ ಹೋಗು. ಮೇಲೆ ಅವಳ ಬಗ್ಗೆ ಬರೆದ ಯಾವುದನ್ನೂ ಹೊಡೆದು ಹಾಕಿಲ್ಲ, ಜೇಬು ನೋಡಿದ್ದನ್ನೂ. ಹೊಡೆದು ಹಾಕಿದರೆ ಉಳಿದದ್ದನ್ನು ಅವಳು ನಂಬುವುದಿಲ್ಲ. ನಾಳೆ ಹತ್ತೂವರೆಗೆ ಬಸ್ಸು. ವಿಳಾಸ ಬರೆದು ಅಂಚೆಗೆ ಹಾಕಲು ಪತ್ರವನ್ನು ಅವಳ ಕೈಗೆ ಕೊಡುತ್ತಿದ್ದೇನೆ. ಈ ಸಲ ಅಂಟು ಹಚ್ಚಿಲ್ಲ.