ಕೈಮುಗಿದವರ ಮಾತು ನುಂಗುವ ಡೇಟಾಬೇಸ್

ಜಾಲತಾಣಗಳಿಗೆ ಜಾಗ ಬಾಡಿಗೆಗೆ ಕೊಟ್ಟು, "ನಿರ್ವಹಣೆ ನಮ್ಮದು, ನೆಮ್ಮದಿ ನಿಮ್ಮದು" ಎಂದು ಸಾರುವ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರೇ,

ಜಾಲತಾಣದಲ್ಲಿ ಬರೆದದ್ದನ್ನೆಲ್ಲ ಕೂಡಿಡುವ ನಿಮ್ಮ ಡೇಟಾಬೇಸ್ ಹಳತಾಗಿದೆ. ತಯಾರಿಸಿದವರೇ ಕೈಬಿಟ್ಟು ವರ್ಷಗಳಾದ ಆವೃತ್ತಿಯನ್ನು ನೀವು ಇಂದಿಗೂ ನಮ್ಮ ತಲೆಗೆ ಕಟ್ಟುತ್ತಿದ್ದೀರಿ. ಅದರ ದೆಸೆಯಿಂದ ಒಂದು ಮನೆಯಲ್ಲಿ ಒಬ್ಬರು ಉಸಿರುಕಟ್ಟಿ ಸತ್ತಿದ್ದಾರೆ. ಪೀಠಿಕೆ ಹಾಕಿ ನಯವಾಗಿ ಹೇಳುವ ವ್ಯವಧಾನ ನನಗಿಲ್ಲ.

ನಾನು ಉಸಿರಾಟದ ಯಂತ್ರಗಳನ್ನು ರಿಪೇರಿ ಮಾಡುವವನು. ಆಸ್ಪತ್ರೆಗಳು ಬೇಡವೆಂದು ಬಿಟ್ಟ ಯಂತ್ರಗಳನ್ನು ತಂದು, ಸರಿಪಡಿಸಿ, ಹಾಸಿಗೆ ಹಿಡಿದವರ ಮನೆಗಳಿಗೆ ಎರವಲು ಕೊಡುತ್ತೇವೆ. ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ: ಗೋಡೆಯುದ್ದಕ್ಕೂ ಬ್ಯಾಟರಿಗಳು, ಬಟ್ಟೆ ಒಣಹಾಕುವ ತಂತಿಯ ಮೇಲೆ ತೊಳೆದ ಕೊಳವೆಗಳು, ಮೂಲೆಯ ಮೇಜಿನ ಮೇಲೆ ನನ್ನ ಹೆಂಡತಿಯ ಕಂಪ್ಯೂಟರ್. ಯಂತ್ರಕ್ಕೆ ಏನೇ ತೊಂದರೆಯಾದರೂ ಮನೆಯವರು ನಮ್ಮ ಜಾಲತಾಣದಲ್ಲಿ ಬರೆಯುತ್ತಾರೆ, ಅವಳು ಓದಿ ನನ್ನನ್ನು ಓಡಿಸುತ್ತಾಳೆ. ಹೀಗೇ ನಡೆದುಕೊಂಡು ಬಂದಿತ್ತು.

ನಿಮ್ಮ ಡೇಟಾಬೇಸಿಗೊಂದು ಚಾಳಿಯಿದೆ. ಮುಗುಳ್ನಗೆ, ಹೂವು, ಮುಗಿದ ಕೈ, ಹೀಗೆ ಫೋನಿನಲ್ಲಿ ಎಲ್ಲರೂ ಒತ್ತುವ ಪುಟ್ಟ ಚಿತ್ರಗಳು ಬಳಕೆಗೆ ಬರುವ ಮುಂಚಿನ ಕಾಲದ್ದು ಅದು. ಅಂಥ ಚಿತ್ರ ಎದುರಾದರೆ ಅದೊಂದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅಲ್ಲಿಂದಾಚೆಗೆ ಬರೆದದ್ದನ್ನೆಲ್ಲ ನುಂಗಿ, ಏನೂ ಆಗಿಲ್ಲವೆಂಬಂತೆ "ಉಳಿಸಲಾಗಿದೆ" ಎನ್ನುತ್ತದೆ. ಹೊಸ ಆವೃತ್ತಿಗಳು ಚಿತ್ರವನ್ನೂ ಉಳಿಸುತ್ತವೆ, ಆಗದಿದ್ದರೆ ಆಗದೆಂದು ಬಾಯಿಬಿಟ್ಟು ಹೇಳುತ್ತವೆ. ಈಗ ಯೋಚಿಸಿ ಮಾನ್ಯರೇ, ನಮ್ಮ ಜನ ಮುಗಿದ ಕೈಯ ಚಿತ್ರವನ್ನು ಹಾಕುವುದೆಲ್ಲಿ? ಮೊದಲ ಸಾಲಿನಲ್ಲೇ ಅಲ್ಲವೇ? ಬೈದು ಬರೆದವರ ದೂರು ನಮಗೆ ಪೂರ್ತಿ ತಲುಪಿದೆ, ಕೈಮುಗಿದು ಕೇಳಿಕೊಂಡವರದು ಮಾತ್ರ ತಲುಪಿಲ್ಲ. ಈ ಕೆಲಸವನ್ನು ಸರ್ಕಾರಿ ಕಚೇರಿಗಳೂ ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಿಲ್ಲ.

ಶಾಲಾ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರೊಬ್ಬರ ಮಗಳು ನಮಗೆ ಬರೆದಳು. "ಅಕ್ಕಾ ನಮಸ್ಕಾರ" ಎಂದು ಶುರುಮಾಡಿ, ಮುಗಿದ ಕೈಯ ಚಿತ್ರ ಹಾಕಿ, ಮುಂದುವರಿಸಿದ್ದಳು: "ಕರೆಂಟ್ ಹೋದ್ರೆ ಬ್ಯಾಟರಿ ನಿಲ್ತಿಲ್ಲ, ಮಶೀನ್ ಆಫ್ ಆಗ್ಬಿಡ್ತಿದೆ. ಅಪ್ಪ ತುಂಬಾ ಹೆದರಿದಾರೆ, ಬೇಗ ಬನ್ನಿ." ನಮಗೆ ಬಂದದ್ದು ಎರಡೇ ಪದ. "ಎಷ್ಟು ಒಳ್ಳೆ ಹುಡುಗಿ ನೋಡಿ, ಸುಮ್ನೆ ನಮಸ್ಕಾರ ಹೇಳೋಕೂ ಬರೀತಾಳೆ" ಎಂದು ನನ್ನ ಹೆಂಡತಿ ಖುಷಿಪಟ್ಟಳು. ಉತ್ತರವನ್ನೂ ಬರೆದಳು: "ನಮಸ್ಕಾರ ಕಣಮ್ಮ. ನಾವಿದ್ದೀವಿ, ಏನೂ ಯೋಚ್ನೆ ಮಾಡ್ಬೇಡ."

ಮರುದಿನ ಕರೆಂಟ್ ಹೋಯಿತು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಆ ಹುಡುಗಿಯ ಅಪ್ಪ ತೀರಿಕೊಂಡಿದ್ದರು.

ಯಂತ್ರ ಹಿಂದಿರುಗಿಸಲು ಬಂದವಳು ಬಾಗಿಲಲ್ಲೇ ನಿಂತು, ತನ್ನ ಫೋನಿನಲ್ಲಿ ಮೊದಲು ಬರೆದಿಟ್ಟುಕೊಂಡು ಆಮೇಲೆ ನಮಗೆ ಕಳಿಸಿದ್ದ ಆ ಸಾಲುಗಳನ್ನು ತೋರಿಸಿದಳು. "ಒಂದು ಫೋನಾದ್ರೂ ಮಾಡ್ಬಾರ್ದಿತ್ತೇನಮ್ಮಾ?" ಎಂದೆ.

"ಯಾಕ್ ಮಾಡ್ಲಿ ಅಣ್ಣಾ? ಯೋಚ್ನೆ ಮಾಡ್ಬೇಡ ಅಂತ ಅಕ್ಕಾನೇ ಬರೆದಿದ್ರಲ್ಲ. ಬಂದೇ ಬರ್ತಾರೆ ಅಂತ ಅಪ್ಪಂಗೂ ಓದಿ ಹೇಳ್ದೆ."

ಒಳಗಿದ್ದ ನನ್ನ ಹೆಂಡತಿಗೆ ಆ ಮಾತು ಕೇಳಿಸಿತು. ಅಂದಿನಿಂದ ಅವಳು ಮೂಲೆಯ ಮೇಜಿನ ಬಳಿ ಕೂತಿಲ್ಲ.

ಚಿತ್ರ ಹಾಕಿದ ಸಂದೇಶಗಳನ್ನು ನಾನೇ ಕಳಿಸಿ ನೋಡಿ, ಮಾತು ಎಲ್ಲಿ ತುಂಡಾಗುತ್ತಿದೆಯೆಂದು ಪತ್ತೆಮಾಡಿ, ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. "ಸಾರ್, ಅದು ತುಂಬಾ ಸ್ಟೇಬಲ್ ವರ್ಷನ್. ಈಗ ಬದಲಾಯಿಸಿದ್ರೆ ಬೇರೆ ಹಳೇ ಸೈಟುಗಳು ಕೆಟ್ಟುಹೋಗ್ತವೆ" ಎಂದರು. ನನ್ನದನ್ನು ನಾನೇ ಬದಲಾಯಿಸಿಕೊಳ್ಳಲೇ ಎಂದರೆ, "ಆಗಲ್ಲ ಸಾರ್, ಅದು ನಮ್ಮ ನಿರ್ವಹಣೇಲಿದೆ." ಹಾಗಾದರೆ ನಾನೇನು ಮಾಡಲಿ? "ಆ ಚಿತ್ರ ಹಾಕ್ಬೇಡಿ ಅಂತ ನಿಮ್ಮ ಜನಕ್ಕೆ ಹೇಳ್ಬಿಡಿ." ಆಹಾ! ಉಸಿರು ಸಿಗದೆ ಒದ್ದಾಡುವವರು ಮೊದಲು ಮರ್ಯಾದೆ ಬಿಡುವುದನ್ನು ಕಲಿಯಬೇಕು, ಉಳಿದದ್ದು ಆಮೇಲೆ. ಅಲುಗಾಡದಿರುವುದೇ ಸ್ಥಿರತೆಯಾದರೆ ಹೆಣದಷ್ಟು ಸ್ಥಿರವಾದದ್ದು ಇನ್ನಾವುದಿದೆ ಸ್ವಾಮಿ?

ಆವೃತ್ತಿಯನ್ನು ಬದಲಾಯಿಸಿ. ಅದಾಗುವವರೆಗೆ, ನಿಮ್ಮ ಜಾಗದಲ್ಲಿರುವ ಪ್ರತಿಯೊಬ್ಬರಿಗೂ, ಔಷಧಿ ಅಂಗಡಿಯವರಾಗಲಿ, ಶಾಲೆಯವರಾಗಲಿ, ವಕೀಲರಾಗಲಿ, "ನಿಮಗೆ ಬಂದಿರುವ ಮಾತು ಅರ್ಧವಿರಬಹುದು" ಎಂದು ಇಂದೇ ತಿಳಿಸಿ. ಹಾಗೆ ತಿಳಿಸಲು ನಾಚಿಕೆಯಾದರೆ ಒಳ್ಳೆಯದೇ ಆಯಿತು.

ಬರೀ ನಮಸ್ಕಾರ ಎಂದು ಬಂದ ಸಂದೇಶಗಳನ್ನೆಲ್ಲ ಹೆಕ್ಕಿ, ಒಂದೊಂದೇ ಮನೆಗೆ ಫೋನ್ ಮಾಡಿ, "ಆವತ್ತು ಏನು ಬರೆದಿದ್ರಿ?" ಎಂದು ಕೇಳುತ್ತಿದ್ದೇನೆ. ಒಬ್ಬರು ಕೊಳವೆ ಸೀಳಿದೆ ಎಂದು ಬರೆದಿದ್ದರಂತೆ, ಅದಕ್ಕೆ ಟೇಪ್ ಸುತ್ತಿಕೊಂಡು ನನ್ನ ದಾರಿ ಕಾಯುತ್ತಿದ್ದರು. ಒಬ್ಬ ಅಜ್ಜಿ ನಿಜವಾಗಿಯೂ ಸುಮ್ಮನೆ ನಮಸ್ಕಾರ ಹೇಳಿದ್ದರು. ಒಂದು ಮನೆಯಲ್ಲಿ ಮಾತ್ರ ಬೆಳಿಗ್ಗೆಯಿಂದ ಫೋನ್ ಬಡಿದುಕೊಳ್ಳುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಸ್ಕೂಟರಿಗೆ ಹೊಸ ಬ್ಯಾಟರಿಯನ್ನೂ ಕೊಳವೆಯನ್ನೂ ಕಟ್ಟಿಕೊಂಡು ಅಲ್ಲಿಗೆ ಹೊರಟಿದ್ದೇನೆ. ಅವರು ಏನು ಬರೆದಿದ್ದರೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.

ಇಂತಿ,
ಸದ್ಯಕ್ಕೆ ನಿಮ್ಮ ನಿರ್ವಹಣೆಯಲ್ಲೇ ಇರುವ,
ಉಸಿರಿನ ಯಂತ್ರದ ಮೆಕ್ಯಾನಿಕ್