ಗುಂಡಿ ಹಚ್ಚುವ ದಿನ

ಶಹಾಬಾದ್
20 ಜೂನ್ 2025

ಚಿರಂಜೀವಿ ನಗ್ಮಾಗೆ ದೇವಿಂದ್ರಪ್ಪ ಮಾಸ್ತರನ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ತಡವಾಗಿ ಬಂದ ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದವನು ನಾನು. ಈಗ ನನ್ನನ್ನು ಎಷ್ಟು ಹೊತ್ತು ನಿಲ್ಲಿಸಬೇಕೋ ನೀನೇ ಹೇಳು. ಸೊಲ್ಲಾಪುರದಲ್ಲಿ ನೀನೂ ಮಗುವೂ ಆರಾಮ ಇದ್ದೀರೆಂದು ನಂಬಿದ್ದೇನೆ.

ನಿನ್ನ ಅಬ್ಬಾ ಬಂದೇಅಲಿಯವರ ಹೆಸರಿನಲ್ಲಿ ನಡೆಸುವ ಗುಂಡಿ ಹಚ್ಚುವ ದಿನ ಹೇಗಾಯಿತೆಂದು ನೀನು ಕೇಳಿದ್ದೆ. ಅವರು ತೀರಿಕೊಂಡ ಮೇಲೆ ಇದು ಮೂರನೆಯದು. ಶಾಲೆ ಶುರುವಾಗುವ ಮುನ್ನ ನಮ್ಮ ಸೇವಾ ಕ್ಲಬ್ಬಿನವರೆಲ್ಲ ಅವರ ಟೇಲರ್ ಅಂಗಡಿಯಲ್ಲಿ ಕೂತು, ಬಡಮಕ್ಕಳ ಅಂಗಿಗಳಿಗೆ ಕೈಯಾರೆ ಗುಂಡಿ ಹಚ್ಚಬೇಕು. ಹಾರ ಇಲ್ಲ, ಭಾಷಣ ಇಲ್ಲ, ಫೋಟೊ ಇಲ್ಲ. ವಾಡಿ, ಚಿತ್ತಾಪುರದ ಸದಸ್ಯರೂ ಬಂದಿದ್ದರು. ಹೊಟ್ಟೆ ಕೊಯ್ದು ಹೊಲಿಯುವ ಡಾಕ್ಟರ್ ಲಕ್ಷ್ಮಿಕಾಂತ ಸೂಜಿಗೆ ದಾರ ಪೋಣಿಸಲಾರದೆ ಬೆವತರು. ನಿನ್ನ ಅಮ್ಮಿ ಅಮೀರ್ಬೀ, "ಪೇಶಂಟ್ ಉಳೀತಾನೇನ್ರಿ ಡಾಕ್ಟರ್ ಸಾಬ್?" ಎಂದು ಎಲ್ಲರನ್ನೂ ನಗಿಸಿದರು.

ಬಡಮಕ್ಕಳಿಗೆ ಅಬ್ಬಾ ವರ್ಷವರ್ಷವೂ ಪುಕ್ಕಟೆ ಅಂಗಿ ಹೊಲಿದು ಕೊಡುತ್ತಿದ್ದ ರೀತಿ ಇವತ್ತಿಗೂ ನನಗೆ ಬೆರಗು. ಶಾಲೆಗೆ ಹೋಗುವ ಮಕ್ಕಳನ್ನು ಅಂಗಡಿಯ ಬಾಗಿಲಿಂದ ಕಣ್ಣಲ್ಲೇ ಅಳೆಯುತ್ತಿದ್ದರು. ಒಮ್ಮೆ ಕ್ಲಬ್ಬಿನಲ್ಲಿ ಯಾಕೆಂದು ಕೇಳಿದೆ. "ಟೇಪ್ ಹಿಡದು ನಿಲ್ಲಿಸಿದ್ರ ಓಣಿಗೆಲ್ಲ ಗೊತ್ತಾಗ್ತದ್ರಿ ಮಾಸ್ತರ್. ತಗೊಳ್ಳೋ ಕೂಸಿನ ತಲಿ ಕೆಳಗ ಆಗಬಾರ್ದು," ಅಂದರು. ಆದರೂ ಒಂದು ಅಂಗಿಯೂ ಹೆಚ್ಚುಕಡಿಮೆ ಆಗಲಿಲ್ಲ. ಮುಂದಿನ ವರ್ಷ ಮಗು ಬೆಳೆದರೆ ಬಿಚ್ಚಿಕೊಳ್ಳಲೆಂದು ಒಳಗೆ ಎರಡು ಬೆರಳು ಬಟ್ಟೆ ಮಡಚಿಟ್ಟಿರುತ್ತಿದ್ದರು. ಮೂವತ್ತು ವರ್ಷ ಪಾಠ ಹೇಳಿದ ನಾನು ಮಕ್ಕಳನ್ನು ಹಾಗೆ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಅಮೀರ್ಬೀ ಒಂದು ಬಿಳಿ ಅಂಗಿ ತಂದು ನನ್ನ ಮುಂದಿಟ್ಟರು. "ಪೆಟಿಗಿ ಸ್ವಚ್ಛ ಮಾಡಾಕತ್ತಿದ್ದೆ, ತಳದಾಗ ಸಿಕ್ತು. ನಿಮ್ಮದೇರಿ ಇದು. ಇವರು ಕ್ಲಬ್ಬಿಗಿ ಸೇರಿದ ವಾರನೇ ಹೊಲ್ದಿದ್ರು. ಮಾಸ್ತರ್ ಅಂಗಡಿಗಿ ಬಂದ ದಿನ ಕೊಡ್ತೀನಿ ಅಂತಿದ್ರು. ನೀವು ಬರ್ಲೇ ಇಲ್ಲ."

ಹೌದು, ಅವರಿದ್ದಾಗ ನಾನು ಆ ಮೆಟ್ಟಿಲು ಹತ್ತಿದವನಲ್ಲ. ಅಂಗಿಯನ್ನು ಮೈಗೆ ಹಿಡಿದು ನೋಡಿದೆ. ಭುಜ, ತೋಳು, ಉದ್ದ, ಎಲ್ಲ ಸರಿಯಾಗಿದೆ. ಕೊರಳಿನ ಗುಂಡಿ ಒಂದನ್ನು ಮಾತ್ರ ಹಚ್ಚಿಲ್ಲ. "ಅದನ್ನ ತೊಡಿಸಿ ನೋಡಿ ಹಚ್ತಿದ್ರು," ಅಂದರು ಅಮೀರ್ಬೀ. ಅಂಗಿಯನ್ನು ಮಡಚಿ ಮನೆಗೆ ತಂದೆ.

ಮಗುವಿಗೆ ನನ್ನ ಮುದ್ದು. ನಿನ್ನ ಮನೆ ಸದಾ ನಗುನಗುತ್ತಿರಲಿ.

ನಿನ್ನ
ದೇವಿಂದ್ರಪ್ಪ ಮಾಸ್ತರ

ತಾ.ಕ.: ಎಂಟು ವರ್ಷದ ಹಿಂದೆ ಅಬ್ಬಾನನ್ನು ಕ್ಲಬ್ಬಿಗೆ ಸೇರಿಸಿಕೊಳ್ಳುವ ಸಭೆಯಲ್ಲಿ, ಬೇಡವೆಂದು ಒಂದೇ ಒಂದು ಕೈ ಎದ್ದಿತ್ತು. ಅದು ನನ್ನದು. "ಅಂಗಿ ಹೊಲಿಯುವವನಿಗೆ ನಮ್ಮ ನಡುವೆ ಏನು ಕೆಲಸ?" ಅಂದೆ. ಅವರು ಬಾಗಿಲ ಹೊರಗೇ ಕೂತಿದ್ದರು, ಕೇಳಿಸಿತ್ತು. ಆ ವಾರವೇ ಈ ಅಂಗಿ ಹೊಲಿದಿದ್ದಾರೆ. ಕ್ಷಮೆ ಕೇಳಲು ಐದು ವರ್ಷ ಅವಕಾಶವಿತ್ತು, ಕೇಳಲಿಲ್ಲ. ಮನೆಗೆ ಬಂದು ಅಂಗಿಯನ್ನು ತಿರುವಿ ನೋಡಿದೆ: ಈ ಮುದುಕನಿಗೂ ಒಳಗೆ ಎರಡು ಬೆರಳು ಬಟ್ಟೆ ಮಡಚಿಟ್ಟಿದ್ದಾರೆ, ನಗ್ಮಾ. ಕೊರಳಿನ ಗುಂಡಿಯನ್ನು ನಾನೇ ಹಚ್ಚಿಕೊಳ್ಳಲಾರೆ. ನೀನು ಬಂದು ಹಚ್ಚಿದರೆ ತೊಡುತ್ತೇನೆ. ಮನಸ್ಸು ಬಾರದಿದ್ದರೆ ಹಾಗೆಂದು ಒಂದು ಸಾಲು ಬರೆ.